ಮಾಸ್ಕ್ ಬಿಟ್ಟವರ ಕಡತ ಮುಚ್ಚಬೇಡಿ: ನಿದ್ರಾ ತಜ್ಞರಿಗೆ ಒಂದು ಬಹಿರಂಗ ಪತ್ರ

ಮಾನ್ಯ ನಿದ್ರಾ ತಜ್ಞರೇ, ಹಾಗೂ ಯಾವ ಚಿಕಿತ್ಸೆಗೆ ಹಣ ಕೊಡಬೇಕು, ಯಾವುದಕ್ಕೆ ಬೇಡ ಎಂದು ನಿಯಮ ಬರೆಯುವ ವಿಮಾ ಅಧಿಕಾರಿಗಳೇ,

ನಾನು ಅಬ್‌ಸ್ಟ್ರಕ್ಟಿವ್ ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಗಂಟಲು ಮುಚ್ಚಿ ಮತ್ತೆ ಮತ್ತೆ ಉಸಿರು ನಿಲ್ಲುವ ಕಾಯಿಲೆ, ಇರುವ ರೋಗಿ. ಮಾಸ್ಕ್ ಮೂಲಕ ಗಾಳಿ ಊದಿ ಗಂಟಲು ತೆರೆದಿಡುವ ಸಿಪ್ಯಾಪ್ ಯಂತ್ರ ಬಳಸಿ, ಬಿಟ್ಟು, ಈಗ ಬೇರೆ ಚಿಕಿತ್ಸೆಯಲ್ಲಿದ್ದೇನೆ. ಸಿಪ್ಯಾಪ್ ಕೆಟ್ಟದ್ದೆಂದು ಹೇಳಲು ಈ ಪತ್ರ ಬರೆಯುತ್ತಿಲ್ಲ. ಪರ್ಯಾಯದ ಮಾತೆತ್ತಿದರೆ ನಿಮ್ಮಲ್ಲಿ ಹಲವರು ಹುಬ್ಬು ಗಂಟಿಕ್ಕುವುದು ನನಗೆ ಗೊತ್ತು. ಬಾಯಿಗೆ ಟೇಪ್ ಅಂಟಿಸಿಕೊಳ್ಳಿ, ಈ ದಿಂಬು ಕೊಳ್ಳಿ ಎಂದು ಮಾರುವವರ ಸಾಲಿಗೆ ನಮ್ಮನ್ನೂ ಸೇರಿಸಿಬಿಡುತ್ತೀರಿ. ನನ್ನ ದೂರು ಇಷ್ಟೇ: ಮಾಸ್ಕ್ ಹಾಕಿಕೊಂಡು ಮಲಗಲು ಆಗದ ರೋಗಿಗೆ ಮುಂದಿನ ದಾರಿ ತೋರಿಸುವುದು ತಮ್ಮ ಕೆಲಸ ಎಂದು ನಿದ್ರಾ ಕೇಂದ್ರಗಳು ಅಂದುಕೊಂಡಂತೆ ಕಾಣುವುದಿಲ್ಲ. ದಾರಿಗಳಿವೆ. ಅವು ನಿಮ್ಮದೇ ಮಾರ್ಗಸೂಚಿಗಳಲ್ಲಿ, ನಿಮ್ಮದೇ ಪತ್ರಿಕೆಗಳಲ್ಲಿ ಅಚ್ಚಾಗಿವೆ. ರೋಗಿಯ ಕಿವಿಗೆ ಮಾತ್ರ ಬೀಳುವುದಿಲ್ಲ.

ಸಿಪ್ಯಾಪ್‌ನ ಋಣ ಸಣ್ಣದಲ್ಲ. 1981ರಲ್ಲಿ ಸಿಡ್ನಿಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು ಐವರು ರೋಗಿಗಳ ಮೇಲೆ ನಡೆಸಿದ ಪ್ರಯೋಗ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಲ್ಲಿಯವರೆಗೆ ತೀವ್ರ ಅಪ್ನಿಯಾಕ್ಕೆ ನೆಚ್ಚಬಹುದಾದ ಚಿಕಿತ್ಸೆ ಎಂದರೆ ಕತ್ತಿನಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡುವುದು. ಆ ಸ್ಥಿತಿಯಿಂದ ಮೂಗಿನ ಮೇಲೊಂದು ಮಾಸ್ಕ್, ಹಾಸಿಗೆ ಪಕ್ಕ ಗಾಳಿ ಊದುವ ಪೆಟ್ಟಿಗೆ ಎಂಬಲ್ಲಿಗೆ ಬಂದದ್ದು ದೊಡ್ಡ ಜಿಗಿತ. ನಿದ್ದೆಯಲ್ಲಿ ನಾಲಗೆ, ಅಂಗುಳದ ಸ್ನಾಯು ಸಡಿಲವಾಗಿ ಗಂಟಲಿನ ದಾರಿ ಮುಚ್ಚಿಕೊಳ್ಳುತ್ತದೆ. ಹತ್ತು ಸೆಕೆಂಡೋ ಅದಕ್ಕೂ ಹೆಚ್ಚೋ ಉಸಿರು ನಿಲ್ಲುತ್ತದೆ, ರಕ್ತದ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಯಿಂದ ಎಬ್ಬಿಸುತ್ತದೆ. ಇದು ರಾತ್ರಿಯಿಡೀ ನಡೆಯುತ್ತದೆ. ಯಂತ್ರದ ಗಾಳಿ ಆ ದಾರಿಯನ್ನು ಒಳಗಿನಿಂದ ಒತ್ತಿ ತೆರೆದಿಡುತ್ತದೆ. ಹಾಕಿಕೊಂಡಷ್ಟು ಹೊತ್ತು ಅದರಷ್ಟು ಚೆನ್ನಾಗಿ ಕೆಲಸ ಮಾಡುವ ಸಾಧನ ಇನ್ನೊಂದಿಲ್ಲ. ತೊಡಕು ಇರುವುದು ಆ 'ಹಾಕಿಕೊಂಡಷ್ಟು ಹೊತ್ತು' ಎಂಬಲ್ಲೇ.

ರಾತ್ರಿಗೆ ನಾಲ್ಕು ಗಂಟೆಗಿಂತ ಹೆಚ್ಚು ಬಳಕೆಯನ್ನೇ ಗಡಿಯಾಗಿಟ್ಟು ಲೆಕ್ಕ ಹಾಕಿದರೂ, ಹಳೆಯ ಅಧ್ಯಯನಗಳಲ್ಲಿ ಶೇ. 46ರಿಂದ 83ರಷ್ಟು ರೋಗಿಗಳು ಆ ಗಡಿ ಮುಟ್ಟಿಲ್ಲ. 2016ರಲ್ಲಿ ಪ್ರಕಟವಾದ 'ಸೇವ್' ಪ್ರಯೋಗದಲ್ಲಿ ಹೃದ್ರೋಗ ಇಲ್ಲವೇ ಪಾರ್ಶ್ವವಾಯು ಆಗಿದ್ದ 2,700ಕ್ಕೂ ಹೆಚ್ಚು ಮಂದಿ ಇದ್ದರು. ಸಿಪ್ಯಾಪ್ ಪಡೆದವರ ಸರಾಸರಿ ಬಳಕೆ ರಾತ್ರಿಗೆ 3.3 ಗಂಟೆ. ಗೊರಕೆ, ಹಗಲಿನ ತೂಕಡಿಕೆ ಕಡಿಮೆಯಾದವು, ಜೀವನ ಸುಧಾರಿಸಿತು. ಹೃದಯಾಘಾತ, ಪಾರ್ಶ್ವವಾಯು ಮಾತ್ರ ಕಡಿಮೆಯಾಗಲಿಲ್ಲ. ಇದಕ್ಕೆ ಕಾರಣ ಕಡಿಮೆ ಬಳಕೆಯೋ ಇನ್ನೊಂದೋ ಎಂದು ನೀವು ಇನ್ನೂ ಚರ್ಚಿಸುತ್ತಿದ್ದೀರಿ. ನನ್ನಂಥ ರೋಗಿಗೆ ಕಾಣುವುದು ಸರಳ: ಆರಿಸಿ ತಂದು, ಕಲಿಸಿ, ಬೆನ್ನಿಗೆ ನಿಂತು ನಡೆಸಿದ ಪ್ರಯೋಗದಲ್ಲೇ ಜನ ರಾತ್ರಿಯ ಅರ್ಧವೂ ಮಾಸ್ಕ್ ಇಟ್ಟುಕೊಳ್ಳಲಿಲ್ಲ. ಹಾಗಿರುವಾಗ ಪೆಟ್ಟಿಗೆ ಕೈಗೆ ಕೊಟ್ಟು ಕಳಿಸಿದವರ ಗತಿ ಏನಿರಬೇಡ?

ಇದು ಸೋಮಾರಿತನದಿಂದ ಆಗುವುದಲ್ಲ. ಮಾಸ್ಕಿನ ಪಟ್ಟಿ ಸಡಿಲಿಸಿದರೆ ಮೂಗಿನ ಸೇತುವೆಯ ಬಳಿ ಗಾಳಿ ಸೋರಿ ನೇರ ಕಣ್ಣಿಗೆ ಹೊಡೆಯುತ್ತದೆ. ಬಿಗಿದರೆ ಬೆಳಿಗ್ಗೆ ಕೆನ್ನೆ ಮೇಲೆ ಕೆಂಪು ಗೆರೆ, ಮೂಗಿನ ಮೇಲೆ ಹುಣ್ಣು. ಬಾಯಿ ತೆರೆದುಕೊಂಡರೆ ನಾಲಗೆ ಒಣಗಿ ಅಂಗುಳಕ್ಕೆ ಅಂಟುತ್ತದೆ. ಗಾಳಿ ಹೊಟ್ಟೆಗೆ ಹೋದರೆ ಬೆಳಗಿನವರೆಗೆ ತೇಗು. ನಿದ್ದೆಗಣ್ಣಿನಲ್ಲಿ ಕೈ ತಾನಾಗಿ ಮಾಸ್ಕ್ ಕಿತ್ತು ಬಿಸಾಡಿರುತ್ತದೆ, ಎದ್ದಾಗಲೇ ಗೊತ್ತಾಗುವುದು. ಯಂತ್ರದೊಳಗಿನ ಕಾರ್ಡ್ ಮಾತ್ರ ಎಲ್ಲ ಲೆಕ್ಕ ಇಟ್ಟಿರುತ್ತದೆ. ಆ ಲೆಕ್ಕ ಹಿಡಿದು ಹೋದಾಗ ನನಗೆ ಸಿಕ್ಕಿದ್ದು "ಇನ್ನೂ ಪ್ರಯತ್ನಿಸಿ" ಎಂಬ ಉತ್ತರ. ಅದಾದ ಮೇಲಿನ ಭೇಟಿಯಲ್ಲಿ ಕಡತದ ಮೇಲೆ ರೋಗಿ ಸಹಕರಿಸುತ್ತಿಲ್ಲ ಎಂಬ ಷರಾ. ಅಲ್ಲಿಗೆ ಮುಗಿಯಿತು.

ನ್ಯಾಯವಾಗಿ ಮೊದಲು ಆಗಬೇಕಾದ್ದು ಬೇರೆ ಚಿಕಿತ್ಸೆ ಹುಡುಕುವುದೂ ಅಲ್ಲ. ಮಾಸ್ಕ್ ಬದಲಿಸಿ ನೋಡಬಹುದಿತ್ತು: ಮೂಗಿನ ಹೊಳ್ಳೆಗೆ ಕೂರುವ ಚಿಕ್ಕದು, ಬಾಯಿಯನ್ನೂ ಮುಚ್ಚುವ ದೊಡ್ಡದು. ತೇವ ಕೊಡುವ ಹ್ಯೂಮಿಡಿಫೈಯರ್ ಹೆಚ್ಚಿಸಬಹುದಿತ್ತು. ಕಟ್ಟಿದ ಮೂಗಿಗೆ ಚಿಕಿತ್ಸೆ ಕೊಡಬಹುದಿತ್ತು. ಉಸಿರು ಬಿಡುವಾಗ ಒತ್ತಡ ಇಳಿಸುವ ಬೈಲೆವೆಲ್ ಯಂತ್ರ ಕೆಲವರಿಗೆ ಒಗ್ಗುತ್ತದೆ. ಮುಖ ಮುಚ್ಚಿದರೆ ಭಯವಾಗುವವರು ಹಗಲು ಕುಳಿತಲ್ಲೇ ಸ್ವಲ್ಪ ಸ್ವಲ್ಪ ಹೊತ್ತು ಹಾಕಿಕೊಂಡು ಅಭ್ಯಾಸ ಮಾಡಬಹುದು. ಎಷ್ಟೋ ಮಂದಿಗೆ ಇಷ್ಟೇ ಸಾಕಾಗುತ್ತದೆ. ಸಾಕಾಗದವರ ಬಗ್ಗೆ ಇನ್ನು ಮುಂದಿನ ಮಾತು.

ನಿದ್ರಾ ಪರೀಕ್ಷೆಯ ವರದಿಯಲ್ಲಿ ಎಲ್ಲರೂ ನೋಡುವುದು ಎಎಚ್‌ಐ ಎಂಬ ಒಂದೇ ಅಂಕಿ, ಅಂದರೆ ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ಕುಗ್ಗಿತು ಎಂಬುದು. ಐದರಿಂದ ಹದಿನೈದರವರೆಗೆ ಸೌಮ್ಯ, ಮೂವತ್ತರವರೆಗೆ ಮಧ್ಯಮ, ಅದರ ಮೇಲೆ ತೀವ್ರ. ನನ್ನದು 24. ಅದೇ ವರದಿಯ ಎರಡನೆಯ ಪುಟದಲ್ಲಿ, ಸಣ್ಣ ಅಕ್ಷರದ ಕೋಷ್ಟಕದಲ್ಲಿ ಇನ್ನೆರಡು ಅಂಕಿಗಳಿದ್ದವು: ಅಂಗಾತ ಮಲಗಿದಾಗ 41, ಮಗ್ಗುಲಾಗಿದ್ದಾಗ 9. ಆ ಸಾಲಿನ ಮೇಲೆ ಯಾರೂ ಬೆರಳಿಟ್ಟು ತೋರಿಸಲಿಲ್ಲ. ಅಂಗಾತ ಮಲಗಿದಾಗ ಎಎಚ್‌ಐ ದುಪ್ಪಟ್ಟೋ ಅದಕ್ಕಿಂತ ಹೆಚ್ಚೋ ಆಗುವವರು ಅಪ್ನಿಯಾ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿದ್ದಾರೆ ಎಂದು ಅಧ್ಯಯನಗಳು ಹೇಳುತ್ತವೆ. ಅಂಥವರಿಗೆ ಮಗ್ಗುಲಲ್ಲೇ ಮಲಗುವಂತೆ ಮಾಡುವುದೂ ಚಿಕಿತ್ಸೆಯೇ. ಬನಿಯನ್ನಿನ ಬೆನ್ನಿಗೆ ಟೆನಿಸ್ ಚೆಂಡು ಹೊಲಿಯುವ ಹಳೆಯ ಉಪಾಯವನ್ನು ಬೆನ್ನುನೋವಿಗೋ ನಿದ್ದೆಗೇಡಿಗೋ ಬೇಸತ್ತು ಬಹುಪಾಲು ಜನ ಬಿಟ್ಟುಬಿಡುತ್ತಾರೆ. ಎದೆಗೋ ಕತ್ತಿಗೋ ಕಟ್ಟಿಕೊಂಡು, ಅಂಗಾತ ಹೊರಳಿದ ಕೂಡಲೇ ಮೆಲ್ಲಗೆ ಕಂಪಿಸುವ ಚಿಕ್ಕ ಸಾಧನ ಅದಕ್ಕಿಂತ ಸಹ್ಯ. ಮಗ್ಗುಲಲ್ಲೂ ಎಎಚ್‌ಐ ಜಾಸ್ತಿ ಇರುವವರಿಗೆ ಇದರಿಂದ ಉಪಯೋಗವಿಲ್ಲ. ಯಾರು ಯಾವ ಗುಂಪಿನವರು ಎಂದು ವರದಿಯಲ್ಲೇ ಬರೆದಿರುತ್ತದೆ. ಮತ್ತೊಂದು ಪರೀಕ್ಷೆ ಬೇಡ, ಪುಟ ತಿರುವಿದರೆ ಸಾಕು.

ಇನ್ನು ದವಡೆ ಸಾಧನ. ನಾನು ಬಳಸುವುದರಿಂದ ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ. ಮೇಲಿನ, ಕೆಳಗಿನ ಹಲ್ಲಿಗೆ ಒಂದೊಂದು ಪ್ಲಾಸ್ಟಿಕ್ ಕವಚ, ಕೆಳದವಡೆಯನ್ನು ಕೆಲವು ಮಿಲಿಮೀಟರ್ ಮುಂದಕ್ಕೆ ಹಿಡಿದಿಡುವ ಜೋಡಣೆ. ದವಡೆಯ ಜೊತೆ ನಾಲಗೆಯ ಬುಡವೂ ಮುಂದೆ ಬರುತ್ತದೆ, ಗಂಟಲಿನ ಹಿಂದೆ ಜಾಗವಾಗುತ್ತದೆ. ಅಚ್ಚು ತೆಗೆದು ಮಾಡುವ ದಂತವೈದ್ಯರು ಪುಟ್ಟ ಕೀಲಿಯೊಂದನ್ನು ಕೊಟ್ಟಿರುತ್ತಾರೆ. ಅದರಿಂದ ಸ್ಕ್ರೂ ತಿರುಗಿಸುತ್ತ ದವಡೆಯನ್ನು ಮಿಲಿಮೀಟರಿನ ಭಾಗಗಳಲ್ಲಿ ಮುಂದೆ ತರುತ್ತ ಹೋಗಬೇಕು. ಒಮ್ಮೆಲೇ ಎಳೆದರೆ ಕಿವಿಯ ಮುಂದಿನ ಕೀಲು ಸುಮ್ಮನಿರುವುದಿಲ್ಲ. ಮೊದಲ ದಿನಗಳಲ್ಲಿ ದಿಂಬು ಒದ್ದೆಯಾಗುವಷ್ಟು ಜೊಲ್ಲು. ಬೆಳಿಗ್ಗೆ ತೆಗೆದಾಗ ಹಿಂದಿನ ಹಲ್ಲುಗಳು ಒಂದಕ್ಕೊಂದು ಕೂಡುವುದೇ ಇಲ್ಲ. ಅದಕ್ಕೆಂದೇ ಕೊಟ್ಟ ಪುಟ್ಟ ಅಚ್ಚನ್ನು ಕಚ್ಚಿಕೊಂಡು ಕುಳಿತರೆ ಸ್ವಲ್ಪ ಹೊತ್ತಿಗೆ ದವಡೆ ತನ್ನ ಜಾಗಕ್ಕೆ ಮರಳುತ್ತದೆ. ವರ್ಷಗಟ್ಟಲೆ ಬಳಸಿದವರ ಹಲ್ಲು ಸರಿಯುವುದು, ಕಚ್ಚುವ ಹೊಂದಾಣಿಕೆ ಬದಲಾಗುವುದು ನಿಜ. ಹಲ್ಲು ಕಡಿಮೆ ಇರುವವರಿಗೆ, ವಸಡು ಅಥವಾ ದವಡೆ ಕೀಲಿನ ತೊಂದರೆ ಇರುವವರಿಗೆ ಇದು ಹೊಂದುವುದಿಲ್ಲ. ಬಿಸಿನೀರಿನಲ್ಲಿ ಅದ್ದಿ ಕಚ್ಚುವ ಅಗ್ಗದ ಮಾದರಿಗಳನ್ನು ಇದರ ಜೊತೆ ಹೋಲಿಸಬೇಡಿ.

ದವಡೆ ಸಾಧನ ಎಎಚ್‌ಐಯನ್ನು ಸಿಪ್ಯಾಪ್‌ನಷ್ಟು ಇಳಿಸುವುದಿಲ್ಲ ಎಂಬುದು ನಿಮ್ಮ ಆಕ್ಷೇಪ. ಒಪ್ಪಿದೆ. ಆದರೆ ಒಂದು ಲೆಕ್ಕ ಹಾಕೋಣ. ಎಂಟು ಗಂಟೆ ಮಲಗುವ ಒಬ್ಬ ರೋಗಿಯ ಎಎಚ್‌ಐ 30 ಇರಲಿ. ನಾಲ್ಕು ಗಂಟೆ ಸಿಪ್ಯಾಪ್ ಹಾಕಿಕೊಂಡ, ಆ ಹೊತ್ತಿನಲ್ಲಿ ಅದು ಸೊನ್ನೆಗೆ ಇಳಿಯಿತು. ಉಳಿದ ನಾಲ್ಕು ಗಂಟೆ ಮತ್ತೆ 30. ರಾತ್ರಿಯ ಸರಾಸರಿ 15. ಇನ್ನೊಬ್ಬ ಎಂಟೂ ಗಂಟೆ ದವಡೆ ಸಾಧನ ಇಟ್ಟುಕೊಂಡ, ಅದು ಎಎಚ್‌ಐಯನ್ನು ಅರ್ಧಕ್ಕೆ ಮಾತ್ರ ಇಳಿಸಿತು. ಸರಾಸರಿ ಅದೇ 15. ರಾತ್ರಿಗೆ ನಾಲ್ಕು ಗಂಟೆ ಬಳಸಿದರೆ ಸಾಕೆನ್ನುವ ನಿಮ್ಮ ನಿಯಮದ ಪ್ರಕಾರ ಮೊದಲನೆಯವನು ಪಾಸು! ಜೊತೆಗೆ ಕನಸಿನ ನಿದ್ದೆ ಹೆಚ್ಚಾಗಿ ಬರುವುದು ಬೆಳಗಿನ ಜಾವದಲ್ಲಿ. ಹಲವರ ಅಪ್ನಿಯಾ ಕೆರಳುವುದೂ ಆಗಲೇ. ಮಾಸ್ಕ್ ಕಳಚಿ ಬಿದ್ದಿರುವುದೂ ಹೆಚ್ಚಾಗಿ ಆ ಹೊತ್ತಿಗೇ. ಇದು ನನ್ನ ಕಾಗದದ ಲೆಕ್ಕ ಮಾತ್ರ ಎನ್ನಬೇಡಿ. ಆಸ್ಟ್ರೇಲಿಯಾದಲ್ಲಿ ಒಂದೇ ರೋಗಿಗಳಿಗೆ ಎರಡನ್ನೂ ಒಂದೊಂದು ತಿಂಗಳು ಕೊಟ್ಟು ನೋಡಿದ, 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎಎಚ್‌ಐ ಇಳಿಸುವುದರಲ್ಲಿ ಗೆದ್ದದ್ದು ಸಿಪ್ಯಾಪ್, ಬಳಕೆಯ ಗಂಟೆಗಳಲ್ಲಿ ಗೆದ್ದದ್ದು ದವಡೆ ಸಾಧನ. ರಕ್ತದೊತ್ತಡ, ತೂಕಡಿಕೆಯಂಥ ಫಲಿತಾಂಶಗಳಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಸಿಪ್ಯಾಪ್ ತಾಳಲಾಗದವರಿಗೆ, ಬೇರೆಯದು ಬೇಕೆನ್ನುವವರಿಗೆ ಈ ಸಾಧನ ಬರೆದುಕೊಡಿ ಎಂದು ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ ದಂತವೈದ್ಯರ ಸಂಘದ ಜೊತೆ ಸೇರಿ 2015ರಲ್ಲೇ ಹೇಳಿದೆ. ಆದರೂ ನನಗೆ ಇದರ ಸುಳಿವು ಸಿಕ್ಕಿದ್ದು ಹಲ್ಲು ಸ್ವಚ್ಛ ಮಾಡಿಸಲು ಹೋದಾಗ. ಅಲ್ಲಿನ ವೈದ್ಯೆ ನನ್ನ ಸವೆದ ಹಲ್ಲು ನೋಡಿ, ಗೊರಕೆ ಇದೆಯೇ ಎಂದು ಕೇಳಿದ್ದರಿಂದ.

ತೂಕದ ವಿಷಯಕ್ಕೆ ಬಂದರೆ ನೀವು ಮಾತನಾಡುತ್ತೀರಿ, ಆದರೆ ಬೈಗುಳದ ಧಾಟಿಯಲ್ಲಿ. "ಮೊದಲು ತೂಕ ಇಳಿಸಿ" ಎಂದು ಹೇಳಿ ಕಳಿಸುವುದು ಯಾವ ಚಿಕಿತ್ಸೆ? ದಿನವಿಡೀ ತೂಕಡಿಸುವವನಿಗೆ ನಡೆಯಲು ತ್ರಾಣ ಎಲ್ಲಿಂದ ಬರಬೇಕು? ತೂಕಕ್ಕೂ ಅಪ್ನಿಯಾಕ್ಕೂ ನಂಟಿರುವುದು ಸುಳ್ಳಲ್ಲ. ವಿಸ್ಕಾನ್ಸಿನ್‌ನಲ್ಲಿ ನೂರಾರು ಜನರನ್ನು ವರ್ಷಗಟ್ಟಲೆ ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಶೇ. 10ರಷ್ಟು ತೂಕ ಹೆಚ್ಚಿದರೆ ಎಎಚ್‌ಐ ಸುಮಾರು ಶೇ. 32ರಷ್ಟು ಏರುತ್ತದೆ, ಅಷ್ಟೇ ತೂಕ ಇಳಿದರೆ ಸುಮಾರು ಶೇ. 26ರಷ್ಟು ಇಳಿಯುತ್ತದೆ. ಈಗ ತೂಕ ಇಳಿಸುವ ಟಿರ್ಜೆಪಟೈಡ್ ಚುಚ್ಚುಮದ್ದು ಬಂದಿದೆ. ಸ್ಥೂಲಕಾಯ ಮತ್ತು ಮಧ್ಯಮದಿಂದ ತೀವ್ರ ಅಪ್ನಿಯಾ ಎರಡೂ ಇರುವವರ ಮೇಲೆ ವರ್ಷ ಕಾಲ ನಡೆಸಿದ ಪ್ರಯೋಗಗಳಲ್ಲಿ, ಗಂಟೆಗೆ ಸುಮಾರು 50 ಇದ್ದ ಎಎಚ್‌ಐ ಅರ್ಧದಷ್ಟು ಇಳಿಯಿತು. ಹುಸಿಮದ್ದು ಪಡೆದವರಲ್ಲಿ ಇಳಿದದ್ದು ಐದರ ಆಸುಪಾಸು. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದಕ್ಕೆ ಒಪ್ಪಿಗೆ ಕೊಟ್ಟಿತು, ಅಪ್ನಿಯಾಕ್ಕೆಂದೇ ಒಪ್ಪಿಗೆ ಪಡೆದ ಮೊದಲ ಔಷಧವಾಗಿ. ವಾಕರಿಕೆ, ಹೊಟ್ಟೆ ತೊಂದರೆ ಇದ್ದೇ ಇವೆ. ನಿಲ್ಲಿಸಿದರೆ ತೂಕ ಮರಳುತ್ತದೆ. ತೆಳ್ಳಗಿದ್ದೂ ಚಿಕ್ಕ ದವಡೆಯ ಕಾರಣಕ್ಕೆ ಅಪ್ನಿಯಾ ಬಂದವರಿಗೆ ಇದರಿಂದ ಏನೂ ಆಗಬೇಕಾದ್ದಿಲ್ಲ. ಅಂಥವರೂ ಎಷ್ಟೋ ಮಂದಿ ಇದ್ದಾರೆ, ತೂಕದ ಉಪದೇಶ ಅವರಿಗೂ ತಪ್ಪಿದ್ದಲ್ಲ.

ನಾಲಗೆಯ ನರಕ್ಕೆ ಮಿಡಿತ ಕೊಡುವ ಚಿಕಿತ್ಸೆ ಇನ್ನೊಂದು. ಎದೆಯ ಚರ್ಮದಡಿ ಪುಟ್ಟ ಸಾಧನ ಕೂರಿಸಿ, ನಾಲಗೆಯನ್ನು ಮುಂದೆ ಚಾಚಿಸುವ ನರಕ್ಕೆ ತಂತಿ ಜೋಡಿಸುತ್ತಾರೆ. ಮಲಗುವ ಮುನ್ನ ರಿಮೋಟ್ ಒತ್ತಿ ಚಾಲೂ ಮಾಡುವುದು, ಎದ್ದ ಮೇಲೆ ಆರಿಸುವುದು. 2014ರ 'ಸ್ಟಾರ್' ಪ್ರಯೋಗದಲ್ಲಿ ಸಿಪ್ಯಾಪ್ ತಾಳಲಾಗದ 126 ಮಂದಿಗೆ ಇದನ್ನು ಅಳವಡಿಸಿದರು. ವರ್ಷದ ಬಳಿಕ ಎಎಚ್‌ಐಯ ಮಧ್ಯಾಂಕ 29.3ರಿಂದ 9ಕ್ಕೆ ಬಂತು. ಎಲ್ಲರಿಗೂ ಆಗುವಂಥದ್ದಲ್ಲ. ಔಷಧ ಕೊಟ್ಟು ನಿದ್ದೆ ಬರಿಸಿ, ಗಂಟಲೊಳಗೆ ಎಂಡೋಸ್ಕೋಪ್ ಇಳಿಸಿ ಎಲ್ಲಿ, ಹೇಗೆ ಮುಚ್ಚುತ್ತದೆಂದು ನೋಡಬೇಕು. ಅಂಗುಳದ ಹಿಂದೆ ಸುತ್ತಲಿಂದಲೂ ಬಿಗಿದು ಮುಚ್ಚುವ ಗಂಟಲಿಗೆ ಇದು ಫಲ ಕೊಡುವುದು ಕಷ್ಟ.

ಶಸ್ತ್ರಚಿಕಿತ್ಸೆಗಳ ಪಟ್ಟಿ ಉದ್ದವಿದೆ, ಫಲ ಒಂದೇ ಸಮನಿಲ್ಲ. ಮಕ್ಕಳಲ್ಲಿ ಟಾನ್ಸಿಲ್, ಅಡಿನಾಯ್ಡ್ ತೆಗೆಯುವುದೇ ಸಾಮಾನ್ಯವಾಗಿ ಮೊದಲ ಚಿಕಿತ್ಸೆ. ದೊಡ್ಡವರಲ್ಲಿ ಅಂಗುಳ ಕತ್ತರಿಸಿ ಹೊಲಿಯುವುದರ ಫಲ ಹೇಳಲು ಬರುವುದಿಲ್ಲ. ಎರಡೂ ದವಡೆಗಳನ್ನು ಮುಂದಕ್ಕೆ ತರುವ ದೊಡ್ಡ ಶಸ್ತ್ರಚಿಕಿತ್ಸೆ ತುಂಬ ಪರಿಣಾಮಕಾರಿ, ಆದರೆ ಅದಕ್ಕೆ ಗುಂಡಿಗೆ ಬೇಕು. ಮೂಗಿನ ಶಸ್ತ್ರಚಿಕಿತ್ಸೆಯೊಂದರಿಂದಲೇ ಅಪ್ನಿಯಾ ಹೋಗುವುದು ಅಪರೂಪ. ಮಾಸ್ಕ್ ಸಹಿಸಲು ಅದು ನೆರವಾಗಬಹುದು.

ನಾಲಗೆ, ಗಂಟಲಿನ ವ್ಯಾಯಾಮದ ಮಾತೆತ್ತಿದರೆ ನಿಮಗೆ ನಗು ಬರುತ್ತದೆ. ನನಗೂ ಬರುತ್ತಿತ್ತು. ಆಸ್ಟ್ರೇಲಿಯಾದ ಮೂಲನಿವಾಸಿಗಳ ಡಿಡ್ಜರಿಡೂ ಎಂಬ ಉದ್ದ ಕೊಳವೆಯ ವಾದ್ಯವನ್ನು ನಾಲ್ಕು ತಿಂಗಳು ಊದಿಸಿ, ಅಪ್ನಿಯಾ ಕಡಿಮೆಯಾಯಿತೆಂದು ತೋರಿಸಿದ ಸ್ವಿಸ್ ಪ್ರಯೋಗ 2006ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲೇ ಬಂದಿದೆ. 25 ಮಂದಿಯ ಪುಟ್ಟ ಪ್ರಯೋಗ. 2017ರಲ್ಲಿ ಅದಕ್ಕೆ ನಗಿಸುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಸಿಕ್ಕಿತು, ಅದೂ ಶಾಂತಿ ವಿಭಾಗದಲ್ಲಿ. ಪಕ್ಕದಲ್ಲಿ ಮಲಗುವವರಿಗೆ ಸಿಗುವ ಶಾಂತಿ ಇರಬೇಕು. ವ್ಯಾಯಾಮಗಳ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ 2015ರ ವಿಶ್ಲೇಷಣೆಯಲ್ಲಿ ದೊಡ್ಡವರ ಎಎಚ್‌ಐ ಸುಮಾರು ಅರ್ಧಕ್ಕೆ ಇಳಿದದ್ದು ಕಂಡಿದೆ. ಅಧ್ಯಯನಗಳು ಚಿಕ್ಕವು, ದಿನವೂ ಮಾಡುವ ಶಿಸ್ತು ಬೇಕು. ತೀವ್ರ ಅಪ್ನಿಯಾಕ್ಕೆ ಇದನ್ನೇ ನಂಬಿ ಕೂರುವಂತಿಲ್ಲ. ಸೌಮ್ಯ ಅಪ್ನಿಯಾ ಇರುವವರಿಗೆ, ಬೇರೆ ಚಿಕಿತ್ಸೆಯ ಜೊತೆಗೆ, ಹೇಳಿಕೊಡಲು ಅಡ್ಡಿಯೇನು? ಬಾಯಿಗೆ ಟೇಪ್ ಅಂಟಿಸುವ ಈಚಿನ ಹುಚ್ಚಿನ ಬಗ್ಗೆ ಮಾತ್ರ ನಾನು ನಿಮ್ಮ ಪಕ್ಷ. ಮೂಗು ಕಟ್ಟಿದವನು ಬಾಯಿಯನ್ನೂ ಮುಚ್ಚಿಕೊಂಡರೆ ಏನಾದೀತು ಎಂದು ಹೇಳಲು ವೈದ್ಯರೇ ಬೇಕಿಲ್ಲ.

ಪರ್ಯಾಯ ಹೇಳಿದರೆ ಇದ್ದವರೂ ಮಾಸ್ಕ್ ಬಿಟ್ಟಾರು ಎಂಬ ನಿಮ್ಮ ಹೆದರಿಕೆ ಅರ್ಥವಾಗುತ್ತದೆ. ಎಎಚ್‌ಐ ತುಂಬ ಮೇಲಿದ್ದು, ರಾತ್ರಿ ಆಮ್ಲಜನಕ ಕೆಳಗಿಳಿಯುವವರು, ಹಗಲು ವಾಹನ ಓಡಿಸುತ್ತಲೇ ಕಣ್ಣು ಮುಚ್ಚುವವರು ಸಿಪ್ಯಾಪನ್ನೇ ಮೊದಲು ಹಿಡಿಯಬೇಕು, ಬೇರೆಯದು ಫಲ ಕೊಟ್ಟಿದೆ ಎಂದು ಪರೀಕ್ಷೆಯಲ್ಲಿ ಕಾಣುವವರೆಗೆ ಬಿಡಬಾರದು. ಗಂಟಲು ತೆರೆದೇ ಇದ್ದು ಮೆದುಳೇ ಉಸಿರಾಟದ ಸೂಚನೆ ಕೊಡದ ಸೆಂಟ್ರಲ್ ಅಪ್ನಿಯಾ ಬೇರೆಯದೇ ಕಾಯಿಲೆ, ದವಡೆ ಮುಂದೆ ತಂದರೆ ಅದಕ್ಕೇನೂ ಆಗದು. ಇವೆಲ್ಲ ರೋಗಿಗೆ ಹೇಳಿದರೆ ತಿಳಿಯುತ್ತದೆ. ಹೇಳದೆ ಬಿಟ್ಟರೆ ಅವನು ಮಾಸ್ಕನ್ನೂ ಹಾಕುವುದಿಲ್ಲ, ಬೇರೇನನ್ನೂ ಮಾಡುವುದಿಲ್ಲ. ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿ ಗೊರಕೆ ಹೊಡೆಯುತ್ತಾನೆ. 2021ರ ಜೂನ್‌ನಲ್ಲಿ ಒಳಗಿನ ಫೋಮ್ ಪುಡಿಯಾಗುತ್ತದೆಂಬ ಕಾರಣಕ್ಕೆ ಫಿಲಿಪ್ಸ್ ಕಂಪನಿ ಜಗತ್ತಿನಾದ್ಯಂತ ಲಕ್ಷಾಂತರ ಯಂತ್ರಗಳನ್ನು ಹಿಂದಕ್ಕೆ ಕರೆಯಿತು. ಬದಲಿ ಯಂತ್ರಕ್ಕಾಗಿ ಜನ ತಿಂಗಳುಗಟ್ಟಲೆ ಕಾದರು. ಒಂದೇ ಸಾಧನದ ಮೇಲೆ ಇಡೀ ಚಿಕಿತ್ಸೆಯನ್ನು ನಿಲ್ಲಿಸಿದರೆ ಏನಾಗುತ್ತದೆಂದು ತಿಳಿಯಲು ಅದೊಂದೇ ಸಾಲದಿತ್ತೇ?

ವಿಮಾ ಅಧಿಕಾರಿಗಳಿಗೆ ಎರಡು ಮಾತು. ಮೂವತ್ತು ದಿನಗಳ ಅವಧಿಯಲ್ಲಿ ಶೇ. 70ರಷ್ಟು ರಾತ್ರಿ, ರಾತ್ರಿಗೆ ನಾಲ್ಕು ಗಂಟೆ ಎಂಬ ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್‌ನ ಮಾನದಂಡ ಈಗ ಬಳಕೆಯ ಲೆಕ್ಕಕ್ಕೆ ಎಲ್ಲೆಡೆ ಅಳತೆಗೋಲಾಗಿಬಿಟ್ಟಿದೆ. ಬಳಸದವನ ಯಂತ್ರಕ್ಕೆ ಹಣ ಕೊಡುವುದಿಲ್ಲ ಎಂದರೆ ಒಪ್ಪಬಹುದು. ಆದರೆ ಅದೇ ಮಾನದಂಡದಲ್ಲಿ ಫೇಲಾದವನಿಗೆ ಮುಂದಿನ ಚಿಕಿತ್ಸೆಯ ಬಾಗಿಲು ತಾನಾಗಿ ತೆರೆಯಬೇಕು. ದವಡೆ ಸಾಧನವನ್ನು ಹಲ್ಲಿನ ಬಾಬ್ತು ಎಂದು ವೈದ್ಯಕೀಯ ವಿಮೆಯವರು, ಉಸಿರಾಟದ ಬಾಬ್ತು ಎಂದು ದಂತ ವಿಮೆಯವರು ಪರಸ್ಪರ ತಳ್ಳುತ್ತಿದ್ದರೆ ಹಲ್ಲೂ ಉಸಿರೂ ಒಂದೇ ದೇಹದಲ್ಲಿರುವ ರೋಗಿ ಎಲ್ಲಿಗೆ ಹೋಗಬೇಕು?

ಯಾವ ಪರ್ಯಾಯ ಆರಿಸಿದರೂ, ಅದನ್ನು ಹಾಕಿಕೊಂಡೇ ಇನ್ನೊಮ್ಮೆ ನಿದ್ರಾ ಪರೀಕ್ಷೆ ಮಾಡಿಸಿ. ಗೊರಕೆ ನಿಂತಿತೆಂದ ಮಾತ್ರಕ್ಕೆ ಅಪ್ನಿಯಾ ನಿಂತಿತೆಂದಲ್ಲ. ಈ ಒಂದು ಪರೀಕ್ಷೆಯನ್ನು ಕೇಳಿ ಪಡೆಯಲು ನಾನು ಪಟ್ಟ ಪಾಡು ಮಾಸ್ಕಿನ ಪಾಡಿಗಿಂತ ದೊಡ್ಡದು. ಸಹಕರಿಸದ ರೋಗಿಗೆ ಮತ್ತೆ ಪರೀಕ್ಷೆ ಯಾಕೆ ಎಂಬ ಧೋರಣೆ. ಕೊನೆಗೂ ಮನೆಯಲ್ಲೇ ಮಾಡುವ ಪರೀಕ್ಷೆ ಆಯಿತು. ದವಡೆ ಸಾಧನ ಹಾಕಿ ಮಗ್ಗುಲಾಗಿ ಮಲಗಿದಾಗ ಎಎಚ್‌ಐ 6. ಸೊನ್ನೆ ಅಲ್ಲ, ಸಾಮಾನ್ಯ ಎನ್ನಲು ಇನ್ನೂ ಒಂದೆರಡು ಇಳಿಯಬೇಕು. ಆದರೆ ಇದು ರಾತ್ರಿಯಿಡೀ ಇರುವ 6.

ನಿದ್ರಾ ಕೇಂದ್ರಗಳು ಮಾಡಬಹುದಾದ್ದನ್ನು ಕೇಳುತ್ತಿದ್ದೇನೆ, ಹೊಸ ಕಟ್ಟಡವನ್ನಲ್ಲ. ವರದಿ ಕೊಡುವ ದಿನವೇ ಅಂಗಾತ, ಮಗ್ಗುಲಿನ ಅಂಕಿ ತೋರಿಸಿ. ಒಂದೆರಡು ತಿಂಗಳಲ್ಲಿ ಕಾರ್ಡಿನ ಲೆಕ್ಕ ಇಳಿಮುಖವಾಗಿದ್ದರೆ, ಫೋನು ಮಾಡಿ ಏನಾಗುತ್ತಿದೆ ಎಂದು ಕೇಳಿ, ಮಾಸ್ಕ್ ಬದಲಿಸಿ. ಅದೂ ಆಗದಿದ್ದರೆ ಈ ಕೆಲಸ ಬಲ್ಲ ದಂತವೈದ್ಯರಿಗೋ ಕಿವಿ-ಮೂಗು-ಗಂಟಲು ತಜ್ಞರಿಗೋ ಚೀಟಿ ಬರೆದುಕೊಡಿ, ಮರುಪರೀಕ್ಷೆಯ ದಿನಾಂಕವನ್ನು ಅದೇ ಚೀಟಿಯ ಕೆಳಗೆ ಹಾಕಿ.

ಇಂತಿ,
ಮಾಸ್ಕ್ ಬಿಟ್ಟರೂ ಚಿಕಿತ್ಸೆ ಬಿಡದ ಒಬ್ಬ ರೋಗಿ